ತರಬೇತುದಾರರಿಗೆ ಪಾಠ ಹೇಳಲು ಬಿಡಿ

ಹುತ್ರಿದುರ್ಗದ ಅಡಿಯ ಊರುಗಳಲ್ಲಿ ರಾಗಿಯ ಕೊಯ್ಲು ಮುಗಿದು ಹೊಲಗಳು ಬರಿದಾದ ಮೇಲೆ, ಮೂರು ಕೋಲುಗಳನ್ನು ನೆಟ್ಟು ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುವ ಹುಡುಗರನ್ನು ಸ್ವಲ್ಪ ಹೊತ್ತು ನಿಂತು ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ಈ ಮಕ್ಕಳಲ್ಲಿ ತೋಳಿನ ಬಲಕ್ಕಾಗಲಿ ಕಣ್ಣಿನ ಚುರುಕಿಗಾಗಲಿ ಕೊರತೆಯಿಲ್ಲ, ಹಿಂದೆ ನಿಂತು, ಮುಂಗಾಲು ಎಲ್ಲಿ ಊರಿತು, ತಲೆ ಯಾವ ಕಡೆಗೆ ವಾಲಿತು ಎಂದು ತಿದ್ದುವ ಗುರುವಿಲ್ಲ. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಇದ್ದರೂ ಕಬಡ್ಡಿ, ಖೋ ಖೋ, ವಾಲಿಬಾಲು, ಓಟ ಎಲ್ಲವೂ ಅವರೊಬ್ಬರ ಹೆಗಲಿಗೇ ಬಿದ್ದಿರುತ್ತವೆ. ಬೆಂಗಳೂರಿನ ತರಬೇತಿ ಶಿಬಿರಗಳ ಶುಲ್ಕವಾಗಲಿ ದಿನವಹಿ ಪ್ರಯಾಣವಾಗಲಿ ರೈತನ ಮನೆಗೆ ನಿಲುಕುವಂಥದಲ್ಲ. ಹೀಗಿರುವಲ್ಲಿ ಈ ಮಕ್ಕಳಿಗೆ ದೊರೆಯಬಹುದಾದ ನುರಿತ ಗುರುವೆಂದರೆ ಮನೆಯ ಟಿ.ವಿ.ಯಲ್ಲಿ ಕನ್ನಡದಲ್ಲಿ ಮಾತನಾಡುವ ಹಳೆಯ ತರಬೇತುದಾರನೇ. ಆತನ ಈ ಎರಡನೆಯ ವೃತ್ತಿಯನ್ನು ಬರಿಯ ಮನರಂಜನೆಯೆಂದು ನಾವು ಹಗುರವಾಗಿ ಎಣಿಸತಕ್ಕದ್ದಲ್ಲ.

2018ರಲ್ಲಿ ಐಪಿಎಲ್ ಪಂದ್ಯಗಳ ವೀಕ್ಷಕ ವಿವರಣೆ ಟಿ.ವಿ.ಯಲ್ಲಿ ಕನ್ನಡದಲ್ಲಿಯೂ ಪ್ರಸಾರವಾಗತೊಡಗಿದಂದಿನಿಂದ ಇಂಥವರ ಧ್ವನಿ ನಮಗೆ ಪರಿಚಿತವಾಗಿದೆ. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್ಪಿನಲ್ಲಿ ಸರಣಿ ಶ್ರೇಷ್ಠನೆನಿಸಿ, ಭಾರತದ ಪರವಾಗಿ 3 ಟೆಸ್ಟ್ ಪಂದ್ಯಗಳನ್ನಷ್ಟೇ ಆಡಿ, ಅನಂತರ ಕರ್ನಾಟಕ ತಂಡಕ್ಕೆ ತರಬೇತಿ ನೀಡಿದ ವಿಜಯ್ ಭಾರದ್ವಾಜ್ ಅವರು ಅಲ್ಲಿದ್ದಾರೆ. ವೇಗದ ಬೌಲರ್ ಆಗಿದ್ದ ವೆಂಕಟೇಶ್ ಪ್ರಸಾದ್ ಅವರೂ ಅಲ್ಲಿ ಮಾತನಾಡಿದ್ದಾರೆ. ಪ್ರಸಾದರೆಂದೊಡನೆ ಜನ 1996ರ ವಿಶ್ವಕಪ್ಪಿನ ಬೆಂಗಳೂರಿನ ಪಂದ್ಯವನ್ನೂ ಪಾಕಿಸ್ತಾನದ ಆಮಿರ್ ಸೊಹೈಲನ ಉರುಳಿದ ವಿಕೆಟನ್ನೂ ನೆನೆಯುತ್ತಾರೆ. ಸ್ವಲ್ಪ ಹೆಚ್ಚು ಬಲ್ಲವರು 1999ರ ಚೆನ್ನೈ ಟೆಸ್ಟಿನಲ್ಲಿ 33 ರನ್ನಿಗೆ 6 ವಿಕೆಟ್ ಪಡೆದುದನ್ನು ನೆನೆಯುತ್ತಾರೆ. ಆದರೆ ತರಬೇತುದಾರರಾಗಿ ಅವರು ಕಂಡದ್ದು ಇದಕ್ಕಿಂತ ವಿಸ್ತಾರವಾದ ಲೋಕ. 2006ರಲ್ಲಿ 19 ವರ್ಷದೊಳಗಿನವರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ, ಪಾಕಿಸ್ತಾನವನ್ನು 109 ರನ್ನಿಗೆ ಕೆಡವಿಯೂ ತಾವು 71ಕ್ಕೆ ಕುಸಿದುಹೋದ ಭಾರತದ ಬಾಲಕರ ತಂಡಕ್ಕೆ ಅವರೇ ಗುರುಗಳಾಗಿದ್ದರು. ಗೆಲುವು ಕೈಗೆಟುಕಿದ ಮೇಲೆ ಅದು ಜಾರಿಹೋಗುವ ಬಗೆಯನ್ನು ಅಷ್ಟು ಹತ್ತಿರದಿಂದ ಕಂಡವನು ಹೇಳುವ ಮಾತಿಗೆ, ಆಡಿ ಗೆದ್ದವನ ಮಾತಿಗೂ ಇಲ್ಲದ ತೂಕವುಂಟು.

ಮರುವರ್ಷ ಅವರು ಭಾರತದ ಹಿರಿಯರ ತಂಡಕ್ಕೆ ಬೌಲಿಂಗ್ ತರಬೇತುದಾರರಾದರು. ಆ ಸೆಪ್ಟೆಂಬರಿನಲ್ಲಿ ಡರ್ಬನ್ನಿನಲ್ಲಿ ಭಾರತ–ಪಾಕಿಸ್ತಾನಗಳ ಟಿ20 ಪಂದ್ಯ 141–141ಕ್ಕೆ ಸಮನಾಗಿ, ದಾಂಡಿಗನಿಲ್ಲದ ವಿಕೆಟ್ಟಿಗೆ ಚೆಂಡೆಸೆದು ಬೇಲ್ಸ್ ಹಾರಿಸುವ ವಿಚಿತ್ರ ವಿಧಾನದಿಂದ ಸೋಲು ಗೆಲುವು ತೀರ್ಮಾನವಾದುದನ್ನು ಅನೇಕರು ನೋಡಿದ್ದಾರೆ. ಸೆಹವಾಗ್, ಹರ್ಭಜನ್, ನಮ್ಮ ರಾಬಿನ್ ಉತ್ತಪ್ಪ ಮೂವರೂ ಗುರಿ ಮುಟ್ಟಿಸಿದರು. ಪಾಕಿಸ್ತಾನದ ಮೂವರೂ ತಪ್ಪಿದರು. ನೋಡಿದವರು ಅದನ್ನು ಅದೃಷ್ಟವೆಂದರು. ಪ್ರಸಾದರು ನಿಯಮಾವಳಿಯಲ್ಲಿದ್ದ ಈ ಸಾಧ್ಯತೆಯನ್ನು ಮೊದಲೇ ಮನಸ್ಸಿಗೆ ತಂದುಕೊಂಡು ಅಭ್ಯಾಸದ ವೇಳೆಯಲ್ಲಿ ಆಟಗಾರರಿಂದ ಇದನ್ನೇ ಮಾಡಿಸುತ್ತಿದ್ದರೆಂಬುದನ್ನು ಎಷ್ಟೋ ವರ್ಷಗಳ ಮೇಲೆ ಉತ್ತಪ್ಪನವರೇ ಬಹಿರಂಗವಾಗಿ ಹೇಳಿದರು. ತರಬೇತುದಾರನ ಕೆಲಸ ಹೀಗೆ ಪ್ರೇಕ್ಷಕರ ಕಣ್ಣಿಗೆ ಬೀಳದೆಯೇ ನಡೆದುಹೋಗುವಂಥದು. ಆತ ಮೈಕಿನ ಮುಂದೆ ಕುಳಿತಾಗ ನಾವು ಆತನಿಂದ ಕೇಳಬೇಕಾದದ್ದೂ ಇಂಥದನ್ನೇ.

ಅಮೆರಿಕದಲ್ಲಿ ಈ ವೃತ್ತಿಗೆ ದೀರ್ಘವಾದ ಇತಿಹಾಸವಿದೆ. ಅಲ್ಲಿನ ಕಾಲೇಜುಗಳ ಫುಟ್‌ಬಾಲಿನಲ್ಲಿ ತರಬೇತುದಾರನಾಗಿ ಬಹುಕಾಲ ದುಡಿದ ಲೀ ಕೋರ್ಸೊ 1987ರಲ್ಲಿ ಇಎಸ್‌ಪಿಎನ್ ವಾಹಿನಿಯನ್ನು ಸೇರಿದವರು 2025ರ ಆಗಸ್ಟಿನಲ್ಲಿ, 90ರ ವಯಸ್ಸಿನಲ್ಲಿ, ನಿವೃತ್ತರಾದರು. ಯಾವ ತಂಡ ಗೆಲ್ಲುವುದೆಂದು ಹೇಳಿ, ಆ ತಂಡದ ಲಾಂಛನದ ದೊಡ್ಡ ಮುಖವಾಡವನ್ನು ತಲೆಗೆ ಧರಿಸುವುದು 1996ರಿಂದ ಅವರ ಪದ್ಧತಿಯಾಗಿತ್ತು. ಜನರನ್ನು ಅವರು ಮನಸಾರೆ ಸಂತೋಷಪಡಿಸಿದರು. ಅದು ಸಣ್ಣ ಸಾಧನೆಯಲ್ಲ. ಆದರೂ ನನ್ನ ಗೌರವ ಹೆಚ್ಚಾಗಿ ಸಲ್ಲುವುದು ಜಾನ್ ಮ್ಯಾಡನ್ ಅವರಿಗೆ. ಓಕ್ಲೆಂಡ್ ತಂಡಕ್ಕೆ 10 ಋತುಗಳ ಕಾಲ ಮುಖ್ಯ ತರಬೇತುದಾರರಾಗಿದ್ದು, ಅನಂತರ ಟಿ.ವಿ.ಗೆ ಬಂದ ಅವರು, ನಿಲ್ಲಿಸಿದ ಚಿತ್ರದ ಮೇಲೆಯೇ ಗೆರೆಗಳನ್ನೆಳೆದು, ಚೆಂಡಿನಿಂದ ದೂರದಲ್ಲಿದ್ದ ಯಾವ ಆಟಗಾರ ಯಾರನ್ನು ತಡೆದುದರಿಂದ ದಾರಿ ತೆರೆಯಿತೆಂಬುದನ್ನು ಕೋಟ್ಯಂತರ ಜನರಿಗೆ ತೋರಿಸಿಕೊಟ್ಟರು. ಚೆಂಡನ್ನೇ ನೋಡುತ್ತಿದ್ದ ಕಣ್ಣುಗಳಿಗೆ ಆಟವನ್ನು ನೋಡಲು ಕಲಿಸಿದರು.

ನಮ್ಮ ಕನ್ನಡ ಪ್ರಸಾರದಲ್ಲಿ ಈ ಕೆಲಸ ನಡೆಯುವುದೇ ಇಲ್ಲವೆಂದು ನಾನು ಹೇಳಲಾರೆ. ನಡೆಯಲು ಬಿಡುವು ಸಾಲದೆಂಬುದೇ ನನ್ನ ವ್ಯಥೆ. ತರಬೇತುದಾರ ಒಂದು ವಿಷಯವನ್ನು ಎತ್ತಿಕೊಂಡು ಅರ್ಧಕ್ಕೆ ಬರುವಷ್ಟರಲ್ಲಿ ಸಿಕ್ಸರಿನ ಕೂಗು, ಸಿನಿಮಾದ ಸಂಭಾಷಣೆ, ಇಲ್ಲವೆ ಜಾಹೀರಾತು ಅದನ್ನು ನುಂಗಿಬಿಡುತ್ತದೆ. ಕೊನೆಗೆ ಆತನನ್ನು ಕೇಳುವ ಪ್ರಶ್ನೆ, ಇಂದು ಗೆಲ್ಲುವವರು ಯಾರು ಎಂಬುದು. ಅದನ್ನು ದಾರಿಯಲ್ಲಿ ಹೋಗುವವನೂ ಹೇಳಿಯಾನು. ಪ್ರಸಾದರಿಗೆ ಹೆಸರು ತಂದ ಲೆಗ್ ಕಟರನ್ನೇ ತೆಗೆದುಕೊಳ್ಳಿ. ಚೆಂಡು ಕೈಬಿಡುವ ಗಳಿಗೆಯಲ್ಲಿ ಬೆರಳುಗಳು ಅದರ ಮೈಯನ್ನು ಅಡ್ಡಲಾಗಿ ಸವರಿ ಕೆಳಕ್ಕೆಳೆಯಬೇಕು, ಮಣಿಕಟ್ಟು ಬಿಗಿದುಕೊಳ್ಳಬಾರದು, ತೋಳಿನ ವೇಗದಲ್ಲಿ ದಾಂಡಿಗನಿಗೆ ಸುಳಿವು ಸಿಗಬಾರದು. ಹಾಗೆ ಬಂದ ಚೆಂಡು ನೆಲಕ್ಕೆ ತಾಗಿದೊಡನೆ ಬಲಗೈ ದಾಂಡಿಗನ ಕಾಲಿನ ಕಡೆಯಿಂದ ಆಚೆಗೆ ಹೊರಳುತ್ತದೆ. ಇಷ್ಟನ್ನು ಆ ವಿದ್ಯೆಯನ್ನು ಬಲ್ಲವರು ಕೈಯಲ್ಲಿ ಚೆಂಡು ಹಿಡಿದು, ಚಿತ್ರವನ್ನು ನಿಧಾನಗೊಳಿಸಿ, ತಿಳಿಗನ್ನಡದಲ್ಲಿ ವಿವರಿಸಲು ಐದು ನಿಮಿಷ ಸಾಕು. ಟೆನಿಸ್ ಚೆಂಡಿನ ನವಿರಾದ ಮೈಯ ಮೇಲೆಯೂ ಬೆರಳಿನ ಆ ಎಳೆತ ನಡೆಯುವುದರಿಂದ, ಹುತ್ರಿದುರ್ಗದ ಅಡಿಯ ಸಂತೆಪೇಟೆಯ ಹುಡುಗನೊಬ್ಬ ಮರುದಿನ ಸಂಜೆಯೇ ಅದನ್ನು ಹೊಲದಲ್ಲಿ ಪ್ರಯೋಗಿಸಿ ನೋಡಬಲ್ಲನು.

ಇಂಗ್ಲಿಷಿನಲ್ಲಿ ಇಂಥ ವಿವರಣೆ ಬೇಕಾದಷ್ಟು ಸಿಗುತ್ತದೆಯಲ್ಲ ಎಂದು ಕೇಳುವವರುಂಟು. ಸಿಗುತ್ತದೆ, ಆದರೆ ಅದು ತಲುಪುವುದು ಅದನ್ನು ಬೇರೆ ದಾರಿಗಳಿಂದಲೂ ಪಡೆಯಬಲ್ಲವರನ್ನೇ. ಕುಣಿಗಲ್ಲು, ಗುಬ್ಬಿ, ಮಾಗಡಿಗಳ ಹಳ್ಳಿಗಳಲ್ಲಿ ಕನ್ನಡ ಶಾಲೆಗೆ ಹೋಗುವ ಮಗುವಿಗೆ ಇನ್ನೊಂದು ದಾರಿಯಿಲ್ಲ.

ಆದುದರಿಂದ ಕನ್ನಡದಲ್ಲಿ ಆಟಗಳನ್ನು ಪ್ರಸಾರ ಮಾಡುವ ವಾಹಿನಿಗಳನ್ನು ನಾನು ಕೇಳಿಕೊಳ್ಳುವುದಿಷ್ಟೆ: ಪಂದ್ಯದ ನಡುವಿನ ವಿರಾಮದಲ್ಲಿ ಹತ್ತು ನಿಮಿಷಗಳನ್ನು, ಯಾವ ಕೂಗೂ ಹಾಸ್ಯವೂ ಅಡ್ಡಬಾರದಂತೆ, ನಿಮ್ಮ ಬಳಿ ಇರುವ ತರಬೇತುದಾರರಿಗೆ ಬಿಟ್ಟುಕೊಡಿ, ಚಿತ್ರವನ್ನು ನಿಲ್ಲಿಸುವ, ಗೆರೆ ಎಳೆಯುವ ಅಧಿಕಾರವನ್ನು ಅವರ ಕೈಗೇ ಕೊಡಿ, ಆ ಹತ್ತು ನಿಮಿಷಗಳನ್ನು ಶಾಲೆಗಳು ಹಣ ತೆರದೆ ಮಕ್ಕಳಿಗೆ ಮತ್ತೆ ತೋರಿಸಲು ಅನುಮತಿ ನೀಡಿ.