ಉಳಿದ ಜೀವ, ಉಳಿದ ಬಾಳು

‘ಜೀವ ಉಳಿದರೆ ಬೆಲ್ಲ ಬೇಡಿ ತಿಂದೇನು’ ಎಂಬುದು ಹಿರಿಯರ ಮಾತು. ಆಪತ್ತಿನ ಗಳಿಗೆಯಲ್ಲಿ ಮನುಷ್ಯನು ಬೇಡಿಕೊಳ್ಳುವುದು ಜೀವವೊಂದನ್ನೇ; ಮಿಕ್ಕುದೆಲ್ಲ ಆಮೇಲಿನದು. ರಸ್ತೆಯ ಅಪಘಾತದಲ್ಲಿ ತಲೆಗೆ ಬಲವಾದ ಪೆಟ್ಟು ತಿಂದು ಮಗನು ಆಸ್ಪತ್ರೆ ಸೇರಿದಾಗ ತಾಯಿತಂದೆಯರು ವೈದ್ಯರನ್ನು ಕೇಳುವುದೂ ಒಂದೇ ಮಾತು: “ಉಳಿಯುತ್ತಾನೆಯೆ?” ಆದರೆ ಪೆಟ್ಟು ಮಿದುಳಿಗೆ ತಗುಲಿದ್ದಾಗ ಈ ಪ್ರಶ್ನೆಯ ಬೆನ್ನಿಗೇ ಇನ್ನೊಂದು ನಿಂತಿರುತ್ತದೆ: “ಉಳಿದವನು ಹೇಗೆ ಬಾಳುತ್ತಾನೆ?” ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಹೊರಟ ಎರಡು ದೊಡ್ಡ ಪರೀಕ್ಷೆಗಳ ವೃತ್ತಾಂತ ಪ್ರತಿಯೊಂದು ಸಂಸಾರವೂ ತಿಳಿದಿರತಕ್ಕದ್ದು.

ತಲೆಬುರುಡೆಯು ಮುಚ್ಚಿದ ಪೆಟ್ಟಿಗೆಯಿದ್ದಂತೆ. ಅದರೊಳಗೆ ಮಿದುಳು, ರಕ್ತ, ಮಿದುಳನ್ನು ಸುತ್ತುವರಿದ ನೀರಿನಂಥ ದ್ರವ, ಈ ಮೂರಕ್ಕೆ ಮಾತ್ರ ಸ್ಥಳವುಂಟು. ಒಂದು ಹಿಗ್ಗಿದರೆ ಇನ್ನೊಂದು ಕುಗ್ಗಲೇಬೇಕು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೊ 1783ರಲ್ಲಿಯೂ ಜಾರ್ಜ್ ಕೆಲ್ಲಿ 1824ರಲ್ಲಿಯೂ ಈ ತತ್ತ್ವಕ್ಕೆ ತಳಹದಿ ಹಾಕಿದರು. ಕಾಲು ಉಳುಕಿದರೆ ಬಾತುಕೊಳ್ಳುವುದಷ್ಟೆ. ಪೆಟ್ಟು ತಿಂದ ಮಿದುಳೂ ಹಾಗೆಯೇ ಬಾಯುತ್ತದೆ. ಕಾಲಿಗೆ ಹಿಗ್ಗಲು ಎಡೆಯುಂಟು, ಮಿದುಳಿಗೆ ಇಲ್ಲ. ಒಳಗಿನ ಒತ್ತಡ ಏರಿದಂತೆ ಹೃದಯದಿಂದ ಬರುವ ರಕ್ತಕ್ಕೆ ಒಳಹೋಗುವುದು ಕಷ್ಟವಾಗುತ್ತದೆ. ರಕ್ತ ಸಾಲದ ಭಾಗ ಮತ್ತಷ್ಟು ಬಾಯುತ್ತದೆ, ಒತ್ತಡ ಮತ್ತಷ್ಟು ಏರುತ್ತದೆ.

ತಲೆದೆಸೆಯನ್ನು ಎತ್ತರಿಸುವುದು, ನಿದ್ರೆ ಬರಿಸುವ ಔಷಧ ಕೊಡುವುದು, ಬಾವು ಇಳಿಸುವ ದ್ರಾವಣಗಳನ್ನು ರಕ್ತನಾಳಕ್ಕೆ ಸೇರಿಸುವುದು, ಮಿದುಳಿನ ದ್ರವವನ್ನು ಕೊಳವೆಯಿಂದ ಹೊರಗೆಳೆಯುವುದು, ಇವು ಮೊದಲ ಉಪಾಯಗಳು. ಇವು ಸಾಲದೆ ಹೋದಾಗ ಶಸ್ತ್ರವೈದ್ಯರು ಬುರುಡೆಯ ಅಗಲವಾದ ಒಂದು ಭಾಗವನ್ನೇ ತೆಗೆದಿಟ್ಟು ಮಿದುಳಿಗೆ ಎಡೆ ಮಾಡಿಕೊಡುತ್ತಾರೆ; ಗುಣವಾದವರಿಗೆ ಆ ತೆರವನ್ನು ಮುಂದೆ ಮುಚ್ಚಿಕೊಡುತ್ತಾರೆ. ಸ್ವಿಟ್ಜರ್ಲೆಂಡಿನ ಕೋಖರ್, ಅಮೆರಿಕದ ಕುಷಿಂಗ್ ಮೊದಲಾದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಈ ಮಾರ್ಗವನ್ನು ವಿವರಿಸಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆದರೆ ಒತ್ತಡ ಇಳಿಯುವುದು ನಿಶ್ಚಯ. ಒತ್ತಡ ಇಳಿದರೆ ರೋಗಿಗೆ ಒಳಿತಾಗುವುದೂ ನಿಶ್ಚಯವೆ?

ಇದನ್ನು ತಿಳಿಯಲು ‘ಒಳಿತು’ ಎಂದರೇನೆಂಬುದಕ್ಕೆ ಅಳತೆ ಬೇಕು. ಅಂಥ ಅಳತೆಗೋಲನ್ನು ಗ್ಲಾಸ್ಗೊ ನಗರದ ಬ್ರಯನ್ ಜೆನೆಟ್ ಮತ್ತು ಮೈಕೆಲ್ ಬಾಂಡ್ 1975ರಲ್ಲಿ ಮುಂದಿಟ್ಟರು. ಅದಕ್ಕೆ ಐದು ಮೆಟ್ಟಿಲು. ಕೆಳಗಿನದು ಮರಣ. ಅದರ ಮೇಲಿನದು, ಕಣ್ಣು ತೆರೆದಿದ್ದರೂ ತನ್ನ ಅರಿವಾಗಲಿ ಸುತ್ತಲಿನ ಅರಿವಾಗಲಿ ಇಲ್ಲದ ಸ್ಥಿತಿ. ಮೂರನೆಯದು ನಿತ್ಯದ ಬಾಳಿಗೆ ಇನ್ನೊಬ್ಬರನ್ನು ಅವಲಂಬಿಸಬೇಕಾದ ತೀವ್ರ ಅಂಗವೈಕಲ್ಯ. ನಾಲ್ಕನೆಯದು ಕೊರತೆಗಳಿದ್ದರೂ ಸ್ವತಂತ್ರವಾಗಿ ನಡೆಯುವ ಬಾಳು. ಐದನೆಯದು ಒಳ್ಳೆಯ ಚೇತರಿಕೆ. ಮುಂದೆ ಇವುಗಳಲ್ಲಿ ಕೆಲವನ್ನು ಇಬ್ಭಾಗಿಸಿ ಎಂಟು ಮೆಟ್ಟಿಲು ಮಾಡಿದರು. ಹೀಗೆ ತೀವ್ರ ಅಂಗವೈಕಲ್ಯದಲ್ಲಿಯೂ ಮನೆಯೊಳಗೆ ತನ್ನ ಕೆಲಸ ತಾನು ಮಾಡಿಕೊಳ್ಳಬಲ್ಲವರ ಮೇಲ್ದರ್ಜೆಯೊಂದು ಬೇರೆಯಾಯಿತು.

ನ್ಯಾಯವಾದ ಹೋಲಿಕೆಯೂ ಬೇಕು. ಯಾರಿಗೆ ಶಸ್ತ್ರಚಿಕಿತ್ಸೆಯೆಂಬುದನ್ನು ವೈದ್ಯರೇ ಆರಿಸಿದರೆ ಗಟ್ಟಿಮುಟ್ಟಾದವರೇ ಒಂದು ಕಡೆ ಸೇರಿಬಿಡಬಹುದು. ಆದುದರಿಂದ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾವ ಮಾರ್ಗ ಮೇಲೆಂದು ಬಲ್ಲವರಿಗೇ ಸಂಶಯವಿರುವಾಗ ಮಾತ್ರ ಇಂಥ ಪರೀಕ್ಷೆ ಧರ್ಮಸಮ್ಮತವೆನಿಸುತ್ತದೆ.

ಆಸ್ಟ್ರೇಲಿಯದ ಜೇಮಿ ಕೂಪರ್ ಮತ್ತು ಸಂಗಡಿಗರ ಪರೀಕ್ಷೆಯ ಫಲ 2011ರಲ್ಲಿ ಪ್ರಕಟವಾಯಿತು. ‘ಡೆಕ್ರಾ’ ಎಂದು ಇದರ ಹೆಸರು. ಅದರಲ್ಲಿದ್ದವರು 155 ಮಂದಿ. ಒತ್ತಡವು ಪಾದರಸದ 20 ಮಿಲಿಮೀಟರನ್ನು ಮೀರಿ ಹದಿನೈದು ನಿಮಿಷ ನಿಂತರೆ ಸಾಕು, ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆಯಾಗುತ್ತಿತ್ತು. ಒತ್ತಡವೇನೋ ಇಳಿಯಿತು, ತೀವ್ರನಿಗಾ ಘಟಕದ ದಿನಗಳೂ ಕಡಿಮೆಯಾದವು. ಆದರೆ ಆರು ತಿಂಗಳ ಮೇಲೆ ನೋಡಿದಾಗ ಮರಣದ ಪ್ರಮಾಣ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ: ನೂರಕ್ಕೆ 19 ಮತ್ತು 18. ಮರಣ, ಅರಿವಿಲ್ಲದ ಸ್ಥಿತಿ, ತೀವ್ರ ಅಂಗವೈಕಲ್ಯ ಮೂರನ್ನೂ ಕೂಡಿಸಿದರೆ ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ 70, ಔಷಧೋಪಚಾರದವರಲ್ಲಿ 51. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಮೊದಲೇ ವಿಷಮಿಸಿದ್ದವರು ಹೆಚ್ಚಾಗಿದ್ದರು. ಅದನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ತಗ್ಗಿತು. ಆದರೂ ನಿರೀಕ್ಷಿಸಿದ್ದ ಲಾಭ ಕಾಣಲಿಲ್ಲ.

ಕೇಂಬ್ರಿಜ್‌ನ ಪೀಟರ್ ಹಚಿನ್‌ಸನ್ ಮತ್ತು ಸಂಗಡಿಗರು 2016ರಲ್ಲಿ ಎರಡನೆಯ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. 20 ದೇಶಗಳ 52 ಆಸ್ಪತ್ರೆಗಳಲ್ಲಿ 408 ಮಂದಿ ಇದಕ್ಕೆ ಸೇರಿದ್ದರು. ಇಲ್ಲಿ ಅವಸರವಿರಲಿಲ್ಲ, ಬೇರೆ ಉಪಾಯಗಳೆಲ್ಲ ಸೋತು ಒತ್ತಡವು 25ನ್ನು ಮೀರಿ ಒಂದು ಗಂಟೆಯಾದರೂ ನಿಂತವರನ್ನೇ ತೆಗೆದುಕೊಂಡರು. ಆರು ತಿಂಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ತೀರಿಕೊಂಡವರು ನೂರಕ್ಕೆ 26.9; ಇನ್ನೊಂದು ಗುಂಪಿನಲ್ಲಿ 48.9. ಎಂದರೆ ನೂರು ಮಂದಿಯಲ್ಲಿ 22 ಜೀವಗಳು ಹೆಚ್ಚಾಗಿ ಉಳಿದವು.

ಇಷ್ಟಕ್ಕೇ ಲೆಕ್ಕ ಮುಗಿಸಿದ್ದರೆ ಜಯಘೋಷ ಮಾಡಬಹುದಾಗಿತ್ತು. ಸಂಶೋಧಕರು ಮುಂದುವರಿದು ಆ 22 ಮಂದಿ ಎಲ್ಲಿದ್ದಾರೆಂದು ಎಣಿಸಿದರು. 6 ಮಂದಿ ಅರಿವಿಲ್ಲದ ಸ್ಥಿತಿಯಲ್ಲಿದ್ದರು. 8 ಮಂದಿ ಸದಾ ಇನ್ನೊಬ್ಬರ ಆರೈಕೆಯಲ್ಲಿದ್ದರು. ಉಳಿದ 8 ಮಂದಿ ಮನೆಯೊಳಗಾದರೂ ಸ್ವತಂತ್ರರಾಗಿದ್ದರು, ಇಲ್ಲವೆ ಅದಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿದ್ದರು. ಗಾದೆಯ ಮಾತಿನಲ್ಲಿ ಹೇಳುವುದಾದರೆ, ಉಳಿದವರೆಲ್ಲರಿಗೂ ಬೆಲ್ಲ ಬೇಡುವ ನಾಲಿಗೆ ಉಳಿದಿರಲಿಲ್ಲ.

ಕಾಲವೂ ಒಂದು ಔಷಧವೆಂಬುದು ಇದೇ ಪರೀಕ್ಷೆಯಿಂದ ತಿಳಿದುಬಂತು. ಹನ್ನೆರಡು ತಿಂಗಳು ತುಂಬಿದಾಗ, ಮನೆಯೊಳಗಿನ ಸ್ವಾತಂತ್ರ್ಯವನ್ನಾದರೂ ಪಡೆದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 45.4, ಮತ್ತೊಂದರಲ್ಲಿ 32.4. ಎರಡು ವರ್ಷಗಳವರೆಗಿನ ಫಲವನ್ನು 2022ರಲ್ಲಿ ಪ್ರಕಟಿಸಿದಾಗಲೂ ಶಸ್ತ್ರಚಿಕಿತ್ಸೆಯಾದವರಲ್ಲಿಯೇ ಮೇಲಿನ ಮೆಟ್ಟಿಲಿಗೆ ಏರಿದವರು ಹೆಚ್ಚೆಂದು ಕಂಡಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನದ ಸ್ಥಿತಿಯೇ ಕೊನೆಯದೆಂದು ಎದೆಗುಂದಬೇಕಾಗಿಲ್ಲ.

ಈ ಅಂಕಿಗಳು ಯಾರಿಗೂ ತೀರ್ಪನ್ನು ಬರೆದುಕೊಡುವುದಿಲ್ಲ. ಇಪ್ಪತ್ತರ ತರುಣನ ಲೆಕ್ಕ ಬೇರೆ, ಎಪ್ಪತ್ತರ ವೃದ್ಧರ ಲೆಕ್ಕ ಬೇರೆ. ಎಂಥ ಬಾಳನ್ನು ತಾಳಿಕೊಳ್ಳಬಹುದೆಂಬ ವಿಷಯದಲ್ಲಿ ಒಬ್ಬೊಬ್ಬರ ಮನಸ್ಸು ಒಂದೊಂದು ಬಗೆ. ರೋಗಿಗೆ ಮಾತಿಲ್ಲದ ಆ ಗಳಿಗೆಯಲ್ಲಿ ಅವನ ಮನಸ್ಸನ್ನು ಬಲ್ಲವರು ಮನೆಯವರೇ. ಅವರು ವೈದ್ಯರನ್ನು ಎರಡು ಪ್ರಶ್ನೆಗಳನ್ನೂ ಕೇಳಬೇಕು, ಉತ್ತರವನ್ನು ಸಮಾಧಾನದಿಂದ ಕೇಳಿಸಿಕೊಳ್ಳಬೇಕು. ಹಾಗೆ ಕೇಳಿ, ತಿಳಿದು, ಒಪ್ಪಿಗೆ ಕೊಟ್ಟವರಾಗಲಿ ಬೇಡವೆಂದವರಾಗಲಿ ಮುಂದೆ ತಮ್ಮನ್ನು ತಾವೇ ಹಳಿದುಕೊಳ್ಳಲು ಕಾರಣವಿಲ್ಲ.