ಇಲ್ಲದ ಪುಸ್ತಕದ ಸಿನಿಮಾ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಳುವ ರೈಲಿನಲ್ಲಿ ಈಚೆಗೆ ಹೊಸ ಬಗೆಯ ಪ್ರಯಾಣಿಕರು ಕಾಣಿಸುತ್ತಾರೆ. ನರಾಚಿ ಎಲ್ಲಿದೆ ಎಂದು ಅವರು ವಿಚಾರಿಸುತ್ತಾರೆ. ನರಾಚಿ ಇರುವುದು 2018 ಮತ್ತು 2022ರಲ್ಲಿ ತೆರೆಕಂಡ ‘ಕೆಜಿಎಫ್’ ಚಿತ್ರದ ಎರಡು ಭಾಗಗಳಲ್ಲಿ ಮಾತ್ರ. ನಿವೃತ್ತಿಯ ನಂತರ ಇಲ್ಲಿ ನೆಲೆಸಿರುವ ನನಗೆ ಆ ಚಿತ್ರದ ಬೇರೊಂದು ಸಂಗತಿ ಕುತೂಹಲ ಹುಟ್ಟಿಸಿದೆ. ಪತ್ರಕರ್ತನೊಬ್ಬ ಬರೆದು ಸರ್ಕಾರ ನಿಷೇಧಿಸಿದ ಪುಸ್ತಕದಿಂದ ಎತ್ತಿಕೊಂಡಂತೆ ಅಲ್ಲಿ ಕತೆ ಹೇಳಲಾಗಿದೆ. ಅಂದರೆ ಅದು ಎಂದೂ ಇಲ್ಲದಿದ್ದ ಪುಸ್ತಕವೊಂದರ ರೂಪಾಂತರ.

ಇರುವ ಪುಸ್ತಕಗಳ ಗತಿಯನ್ನು ಮೊದಲು ನೋಡೋಣ. ಆರ್.ಕೆ. ನಾರಾಯಣ್ ಅವರ ‘ದಿ ಗೈಡ್’ 1958ರ ಕಾದಂಬರಿ. ವಿಜಯ್ ಆನಂದ್ ನಿರ್ದೇಶನದ ಹಿಂದಿ ಚಿತ್ರ 1965ರದು. ನಾರಾಯಣ್ ಕಲ್ಪಿಸಿದ ಮಾಲ್ಗುಡಿಯನ್ನು ಕೈಬಿಟ್ಟು ಚಿತ್ರತಂಡ ರಾಜಸ್ಥಾನಕ್ಕೆ ಹೋಯಿತು. ಅದು ಊರಿನ ಬದಲಾವಣೆಯಾಯಿತು. ಪಾತ್ರಗಳಿಗೆ ಆದದ್ದು ಇನ್ನೂ ದೊಡ್ಡದು. ಕಾದಂಬರಿಯ ಮಾರ್ಕೊ ಗುಹಾಚಿತ್ರಗಳ ಧ್ಯಾನದಲ್ಲಿ ಹೆಂಡತಿಯನ್ನು ಮರೆತವನು, ಆದರೆ ಲಂಪಟನಲ್ಲ. ರೋಸಿ ಮತ್ತು ರಾಜುವಿನ ಸಂಬಂಧ ತಿಳಿದ ಮೇಲೆ ಅವಳನ್ನು ಬಿಟ್ಟು ಹೋಗುವವನು ಅವನೇ. ಚಿತ್ರದಲ್ಲಾದರೋ ಪರಸ್ತ್ರೀ ಸಹವಾಸ ಗಂಡನಿಗೆ ಅಂಟಿಕೊಂಡು, ಅವನನ್ನು ತೊರೆಯುವ ನೈತಿಕ ಅಧಿಕಾರ ರೋಸಿಗೆ ದಕ್ಕುತ್ತದೆ. ನಾಯಕಿ ನಿಷ್ಕಳಂಕಳಾಗಿರಬೇಕೆಂಬ ಗಲ್ಲಾಪೆಟ್ಟಿಗೆಯ ಲೆಕ್ಕ ಅದು. ಕಡೆಯಲ್ಲಿ ಮಳೆ ಬಂತೋ ಇಲ್ಲವೋ ಎಂಬುದನ್ನು ನಾರಾಯಣ್ ಓದುಗರಿಗೇ ಬಿಟ್ಟಿದ್ದರು. ತೆರೆಯ ಮೇಲೆ ಮಳೆ ಸುರಿದೇ ಸುರಿಯಿತು. ಈ ಅನುಭವದ ಬಗ್ಗೆ ಅವರು ತಮ್ಮ ಎಂದಿನ ತಣ್ಣನೆಯ ವ್ಯಂಗ್ಯದಲ್ಲಿ ಪ್ರಬಂಧವನ್ನೇ ಬರೆದರು.

ನಮ್ಮ ತ.ರಾ.ಸು. ಅಷ್ಟು ತಣ್ಣಗಿರಲಿಲ್ಲ. ಅವರ ಮೂರು ಕಾದಂಬರಿಗಳನ್ನು ಒಂದಾಗಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ತೆಗೆದಾಗ, ನಾಗರಹಾವು ಕೇರೆಹಾವಾಯಿತೆಂದು ಲೇಖಕರು ಸಿಡುಕಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಆದರೂ ರಾಮಾಚಾರಿಗೆ ವಿಷ್ಣುವರ್ಧನ್ ಅವರ ಮುಖವಲ್ಲದೆ ಬೇರೆ ಮುಖ ನಮಗ್ಯಾರಿಗೂ ತೋಚದು. ಚಾಮಯ್ಯ ಮೇಷ್ಟ್ರೆಂದರೆ ಅಶ್ವತ್ಥ್. ಇದರಲ್ಲಿ ನಿರ್ದೇಶಕರ ಅಪರಾಧವೇನೂ ನನಗೆ ಕಾಣದು. ಕಾದಂಬರಿಯ ನಕಲು ಪ್ರತಿ ತೆಗೆಯುವ ಗುಮಾಸ್ತಿಕೆ ಅವರದಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇಲ್ಲಿ ಪೂರಕ ಸರಕು, ಬದಲಿ ಸರಕುಗಳ ಪಾಠ ನೆನಪಾಗುತ್ತದೆ. ಕಾಫಿಗೆ ಸಕ್ಕರೆ ಪೂರಕ, ಚಹಾ ಬದಲಿ. ಸಿನಿಮಾ ಕಾದಂಬರಿಗೆ ಯಾವುದು? ಪುಸ್ತಕ ಕೈಗೆಟಕುವಂತಿದ್ದರೆ ಪೂರಕ: ಚಿತ್ರ ನೋಡಿದವರಲ್ಲಿ ಕೆಲವರಾದರೂ ಮೂಲವನ್ನು ಹುಡುಕಿ ಹೊರಡುತ್ತಾರೆ, ಮಾರ್ಕೊ ನಿಜಕ್ಕೂ ಎಂಥವನೆಂದು ತಿಳಿದು ಬೆರಗಾಗುತ್ತಾರೆ. ಪುಸ್ತಕ ಎಟಕದಿದ್ದರೆ ಸಿನಿಮಾ ಬದಲಿಯಾಗಿ ಕುಳಿತುಬಿಡುತ್ತದೆ.

ಕೆಜಿಎಫ್ ವಿಷಯದಲ್ಲಿ ಆಗಿರುವುದು ಇದೇ. ಪಕ್ಕದಲ್ಲಿಟ್ಟು ಹೋಲಿಸಲು ಅಲ್ಲಿ ಮೂಲವೇ ಇಲ್ಲ. ತೆರೆಯ ಮೇಲಿನ ಗಣಿಯಲ್ಲಿ ಕಾರ್ಮಿಕರು ದನಿಯಿಲ್ಲದ ಗುಲಾಮರು. ಬಿಡುಗಡೆಗೆ ನಾಯಕನೊಬ್ಬ ಮುಂಬೈನಿಂದ ಬರಬೇಕು. ನಿಜವಾದ ಗಣಿಯನ್ನು 1880ರ ದಶಕದಿಂದ ನಡೆಸಿದ್ದು ಜಾನ್ ಟೇಲರ್ ಕಂಪನಿ. ಉತ್ತರ ಆರ್ಕಾಟಿನಿಂದ, ಚಿತ್ತೂರು ಸೀಮೆಯಿಂದ ಬಂದು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಆ ಜನ, ಬೆರಳಚ್ಚು ಪಡೆಯುವ ಕ್ರಮವನ್ನು ಪ್ರತಿಭಟಿಸಿ 1930ರಲ್ಲೇ ಮುಷ್ಕರ ಹೂಡಿದ್ದರು. ಅವರಿಗಾಗಿ ಯಾವ ನಾಯಕನೂ ಎಲ್ಲಿಂದಲೂ ಇಳಿದು ಬರಲಿಲ್ಲ. 1956ರಲ್ಲಿ ಗಣಿ ರಾಜ್ಯ ಸರ್ಕಾರದ್ದಾಯಿತು, 1962ರಲ್ಲಿ ಕೇಂದ್ರದ್ದಾಯಿತು, 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿತ್ರತಂಡಕ್ಕೆ ಬೇಕಾದದ್ದು ಉಳಿದ ಸೈನೈಡ್ ದಿಬ್ಬಗಳು, ಮುಷ್ಕರ ಹೂಡಿದವರಲ್ಲ. ಮಾರ್ಕೊ ಕಲ್ಪಿತ ವ್ಯಕ್ತಿ, ಅವನ ಶೀಲಕ್ಕೆ ಮಸಿ ಬಳಿದರೆ ನೋಯುವವರಿಲ್ಲ. ಇವರ ಮೊಮ್ಮಕ್ಕಳಾದರೋ ದಿನಬೆಳಗಾದರೆ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ತಮ್ಮ ಊರಿನ ಕತೆಯನ್ನು ಪಕ್ಕದ ಪ್ರಯಾಣಿಕನ ಬಾಯಲ್ಲಿ ಕೇಳುತ್ತಾರೆ.

ಗಣಿ ಮುಚ್ಚಿದಾಗ ನಲವತ್ತರಲ್ಲಿದ್ದವರಿಗೆ ಈಗ ಅರವತ್ತು ದಾಟಿದೆ. ಅವರ ತಮಿಳು, ತೆಲುಗು, ಕನ್ನಡದ ಮಾತುಗಳನ್ನು ಕುಳಿತು ಬರೆದುಕೊಳ್ಳಲು ಯಾವುದಾದರೂ ವಿಶ್ವವಿದ್ಯಾಲಯ ಒಂದಿಬ್ಬರು ಸಂಶೋಧಕರನ್ನು ಕಳುಹಿಸಬಹುದು. ಕಾದಂಬರಿಕಾರರು ತಾವಾಗಿಯೇ ಬಂದಾರು. ಇರುವ ಪುಸ್ತಕಗಳ ಮಟ್ಟಿಗಂತೂ ಹೊಸ ಯೋಜನೆಯೇ ಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯನ್ವಯ ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆಗಳ ಮನೆಮಾಲೀಕರೂ ಕಟ್ಟುತ್ತಾರೆ. ತ.ರಾ.ಸು. ಅವರ ಆ ಮೂರು ಸಂಪುಟಗಳನ್ನು ಕೊಳ್ಳಲು ಆ ಹಣ ಧಾರಾಳವಾಗಿ ಸಾಕು.