ಒಂದು ಸಹಿಯ ಬೆಲೆ



ಹೋದ ತಿಂಗಳು ಸಭೆ ಮುಗಿದು ಜಮಖಾನ ಸುತ್ತುತ್ತಿದ್ದಾಗ ಒಬ್ಬ ಹುಡುಗಿ ನಮ್ಮ ಹತ್ತಿರ ಬಂದಳು. ಎಂ.ಎ. ಓದುತ್ತಿರುವವಳು. ಅವರ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕಿದ ಮೊದಲ ಹೆಣ್ಣು. "ಅಣ್ಣಾ, ಹಾಜರಾತಿಗೆ ಸಹಿ ಬೇಕು ಅಂದ್ರೆ ಸಂಜೆ ಆರರ ಮೇಲೆ ಒಬ್ಳೇ ರೂಮಿಗೆ ಬಾ ಅಂತಾರೆ. ಏನ್ ಮಾಡ್ಲಿ?" ಅಂದಳು. ಅವ್ವನಿಗೆ ಹೇಳಿದ್ದಕ್ಕೆ "ಓದಿದ್ದು ಸಾಕು, ಊರಿಗೆ ಬಂದ್ಬಿಡು" ಅಂದಳಂತೆ. ನಮ್ಮಲ್ಲೇ ಒಬ್ಬ ಹಿರಿಯರು, "ಆ ಮೇಷ್ಟ್ರು ಚಳವಳಿಗೆ ಬೇಕಾದವರು, ದೊಡ್ಡದು ಮಾಡಬೇಡವ್ವಾ" ಅಂದರು. ನಾವು ಉಳಿದವರು ಸುಮ್ಮನಿದ್ದೆವು. ಆ ಸುಮ್ಮನಿದ್ದುದಕ್ಕೆ ನಾಚಿಕೆಪಟ್ಟು ಇದನ್ನು ಬರೆಯುತ್ತಿದ್ದೇವೆ.

ಕಾಲೇಜಿನಲ್ಲಿ ಕಿರುಕುಳ ಕೊಡುವವನಿಗೆ ದೊಣ್ಣೆ ಬೇಕಿಲ್ಲ, ಪೆನ್ನು ಸಾಕು. ಹಾಜರಾತಿ ಅವನ ಕೈಲಿ, ಇಂಟರ್ನಲ್ ಮಾರ್ಕ್ಸು ಅವನ ಕೈಲಿ, ಪಿಎಚ್.ಡಿ. ಪ್ರಬಂಧಕ್ಕೆ ಒಪ್ಪಿಗೆ ಅವನ ಕೈಲಿ. ಉಳ್ಳವರ ಮಗಳಾದರೆ ಅಪ್ಪ ಪ್ರಿನ್ಸಿಪಾಲರಿಗೆ ಒಂದು ಫೋನ್ ಮಾಡಿಸುತ್ತಾನೆ. ನಮ್ಮ ಹುಡುಗಿಗೆ ಸಹಿ ತಪ್ಪಿದರೆ ಸ್ಕಾಲರ್‌ಶಿಪ್ ತಪ್ಪುತ್ತದೆ, ಸ್ಕಾಲರ್‌ಶಿಪ್ ತಪ್ಪಿದರೆ ಹಾಸ್ಟೆಲ್ಲು ತಪ್ಪುತ್ತದೆ, ಆಮೇಲೆ ಉಳಿಯುವುದು ಊರಿನ ಬಸ್ಸು ಮತ್ತು ಕೂಲಿ. ಇದು ಅವನಿಗೂ ಗೊತ್ತು. ಗೊತ್ತಿದ್ದೇ ಆರಿಸಿಕೊಳ್ಳುತ್ತಾನೆ. ಬಾಯಲ್ಲಿ ಜಾತಿ ಹೆಸರು ಎತ್ತದಿದ್ದರೂ ಇದು ಜಾತಿಯ ಲೆಕ್ಕಾಚಾರವೇ.

ಕಾನೂನು ಇಲ್ಲವೆ? ಇದೆ. ಅದು ಯಾರ ನೋವಿನಿಂದ ಬಂತು ಅನ್ನೋದನ್ನ ನಮ್ಮ ಮಕ್ಕಳು ತಿಳಿದಿರಬೇಕು. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭನ್ವಾರಿ ದೇವಿ ಎಂಬ ಕುಂಬಾರರ ಹೆಣ್ಣುಮಗಳು ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆಯಲ್ಲಿ ದುಡಿಯುತ್ತಿದ್ದರು. ಮೇಲಿನವರ ಮನೆಯ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಮೇಲುಜಾತಿಯವರು ಕೆಳಜಾತಿ ಹೆಣ್ಣನ್ನು ಹಾಗೆ ಮುಟ್ಟಲಾರರು ಎಂಬ ಅರ್ಥದ ಮಾತೂ ಆ ತೀರ್ಪಿನಲ್ಲಿತ್ತು! ಆಗ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. 1997ರಲ್ಲಿ ಬಂದದ್ದೇ ವಿಶಾಖಾ ತೀರ್ಪು. ಅದರ ಬೆನ್ನಿಗೆ 2013ರ ಕಾಯ್ದೆ, ಕಾಲೇಜು ವಿಶ್ವವಿದ್ಯಾಲಯಗಳಿಗೆಂದೇ ಯುಜಿಸಿಯ 2015ರ ನಿಯಮಗಳು. ಒಬ್ಬ ಕುಂಬಾರ ಹೆಣ್ಣಿನ ಹಟದಿಂದ ಹುಟ್ಟಿದ ಕಾನೂನು ಇಂದು ಪ್ರಿನ್ಸಿಪಾಲರ ಬೀರುವಿನಲ್ಲಿ ಧೂಳು ತಿನ್ನುತ್ತಿದೆ.

ಆ ನಿಯಮ ಏನನ್ನುತ್ತದೆ, ಓದಿಕೊಳ್ಳಿ. ಪ್ರತಿ ಕಾಲೇಜಿನಲ್ಲೂ ದೂರು ಸಮಿತಿ ಇರಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಸದಸ್ಯರಲ್ಲಿ ಅರ್ಧ ಮಹಿಳೆಯರು. ಕುಲಪತಿ, ರಿಜಿಸ್ಟ್ರಾರ್, ಡೀನ್, ವಿಭಾಗದ ಮುಖ್ಯಸ್ಥ, ಇವರ್ಯಾರೂ ಅದರಲ್ಲಿ ಇರಕೂಡದು. ವಿಷಯ ವಿದ್ಯಾರ್ಥಿಗಳದ್ದಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಕೂರಬೇಕು. ಮೂರು ತಿಂಗಳೊಳಗೆ ದೂರು, ತಡವಾದದ್ದಕ್ಕೆ ಕಾರಣವಿದ್ದರೆ ಇನ್ನೂ ಮೂರು ತಿಂಗಳು. ತೊಂಬತ್ತು ದಿನದಲ್ಲಿ ವಿಚಾರಣೆ ಮುಗಿಯಬೇಕು. ಅಷ್ಟರವರೆಗೆ ಆರೋಪಿಯು ದೂರುದಾರಳ ಪರೀಕ್ಷೆಗೆ ಅಂಕ ಹಾಕದಂತೆ ತಡೆಯಬಹುದು. ಅಂದರೆ ಆ ಪೆನ್ನನ್ನೇ ಕಿತ್ತುಕೊಳ್ಳಬಹುದು! ಜಾತಿ, ಬಡತನ ಇದ್ದ ಕಡೆ ದೂರು ಕೊಡುವುದು ಇನ್ನೂ ಕಷ್ಟ ಎಂದೂ ನಿಯಮವೇ ಒಪ್ಪುತ್ತದೆ. ಇದರ ಜೊತೆಗೆ ದೌರ್ಜನ್ಯ ತಡೆ ಕಾಯ್ದೆ ಇದೆ. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ನಮ್ಮ ಹೆಣ್ಣುಮಗಳೆಂದು ತಿಳಿದೂ ಪರಿಶಿಷ್ಟನಲ್ಲದವನು ಅವಳ ಒಪ್ಪಿಗೆಯಿಲ್ಲದೆ ಕಾಮದಿಂದ ಮುಟ್ಟಿದರೆ, ಅಂಥ ಮಾತಾಡಿದರೆ, ಸನ್ನೆ ಮಾಡಿದರೆ ಅದೂ ದೌರ್ಜನ್ಯ.

ಸಮಿತಿ ಸರಿಯಾಗಿ ನಡೆಯದಿದ್ದರೆ ಏನಾಗುತ್ತದೆ? ಗೋವಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ವಿದ್ಯಾರ್ಥಿನಿಯರು ದೂರು ಕೊಟ್ಟರು. ಅಧ್ಯಾಪಕನ ಕೆಲಸ ಹೋಯಿತು. ಆದರೆ ವಿಚಾರಣೆಯನ್ನು ಅವಸರವಸರವಾಗಿ ಮುಗಿಸಿದ್ದರಿಂದ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಆದೇಶ ರದ್ದು ಮಾಡಿ ಮತ್ತೆ ಸಮಿತಿಗೇ ಕಳಿಸಿತು. ಹದಿನಾಲ್ಕು ವರ್ಷ! ಒಡಿಶಾದ ಬಾಲಸೋರ್‌ನಲ್ಲಿ ವಿಭಾಗದ ಮುಖ್ಯಸ್ಥನ ಮೇಲೆ ದೂರು ಕೊಟ್ಟ ವಿದ್ಯಾರ್ಥಿನಿ, ಕೇಳುವವರಿಲ್ಲದೆ 2025ರ ಜುಲೈ 12ರಂದು ಕಾಲೇಜಿನ ಆವರಣದಲ್ಲೇ ಮೈಗೆ ಬೆಂಕಿ ಹಚ್ಚಿಕೊಂಡಳು. ಎರಡೇ ದಿನದಲ್ಲಿ ತೀರಿಕೊಂಡಳು. ಸಮಿತಿಯ ಕಾಗದ ಅವಳನ್ನು ಉಳಿಸಲಿಲ್ಲ.

ಈಗ ನಮ್ಮ ಮನೆಯೊಳಗಿನ ಮಾತು. ಮೇಲುಜಾತಿಯವನು ಕೈ ಹಾಕಿದರೆ ನಾವು ಬೀದಿಗಿಳಿಯುತ್ತೇವೆ. ನಮ್ಮವನೇ, ನಮ್ಮ ವೇದಿಕೆ ಹತ್ತಿ ಭಾಷಣ ಮಾಡುವವನೇ ಹಾಗೆ ಮಾಡಿದರೆ "ಚಳವಳಿಗೆ ಕೆಟ್ಟ ಹೆಸರು" ಅನ್ನುತ್ತೇವೆ. ಹೆಸರು ಕೆಡಿಸಿದವನು ಅವನೋ, ಬಾಯಿ ಬಿಟ್ಟ ಹುಡುಗಿಯೋ? ಸಮಾಜ ಎಷ್ಟು ಮುಂದುವರಿದಿದೆ ಅನ್ನೋದನ್ನ ಹೆಣ್ಣುಮಕ್ಕಳು ಎಷ್ಟು ಮುಂದೆ ಬಂದಿದ್ದಾರೆ ಅನ್ನೋದರಿಂದ ಅಳೆಯುತ್ತೇನೆ ಎಂಬರ್ಥದಲ್ಲಿ ಬಾಬಾಸಾಹೇಬರು 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಹೇಳಿದ್ದರು. ಅವರ ಫೋಟೋಕ್ಕೆ ಹಾರ ಹಾಕಿ ಈ ಅಳತೆಗೋಲನ್ನು ಮೂಲೆಗೆ ಎಸೆಯೋದು ಯಾವ ನ್ಯಾಯ?

1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದಾಗ ಪಾಠ ಹೇಳಲು ಹೊರಟ ಸಾವಿತ್ರಿಬಾಯಿ ಫುಲೆಯವರ ಮೇಲೆ ದಾರಿಯಲ್ಲಿ ಸಗಣಿ ಎರಚಿದರು. ತಾಯಿ ಇನ್ನೊಂದು ಸೀರೆ ಜೊತೆಗಿಟ್ಟುಕೊಂಡು ನಡೆದರು, ಶಾಲೆ ಬಿಡಲಿಲ್ಲ. ಇವತ್ತು ಸಗಣಿ ದಾರಿಯಲ್ಲಿಲ್ಲ, ಬಾಗಿಲು ಹಾಕಿದ ರೂಮಿನೊಳಗಿದೆ. ನಮ್ಮ ಹುಡುಗಿ ಒಂಟಿಯಾಗಿ ಎಷ್ಟು ಸೀರೆ ಹೊತ್ತಾಳು?

ಆದ್ದರಿಂದ ನಾವು ಮೂರು ಮಾತು ಕೊಡುತ್ತೇವೆ. ಪ್ರತಿ ತಾಲೂಕಿನ ಗೆಳೆಯರು ತಮ್ಮೂರ ಕಾಲೇಜಿಗೆ ಹೋಗಿ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ, ಪಟ್ಟಿಯನ್ನು ಗೋಡೆಗೆ ಹಾಕಿಸಬೇಕು. ದೂರು ಬರೆಯಲು, ವಿಚಾರಣೆಯ ದಿನ ಕಾಲೇಜಿನ ತನಕ ಜೊತೆಗೆ ಹೋಗಲು ನಮ್ಮ ಅಕ್ಕಂದಿರು ಇಬ್ಬರು ಸಿದ್ಧರಿರಬೇಕು. ಹುಡುಗಿಯ ಹೆಸರು ಆ ಇಬ್ಬರ ಬಾಯಿ ದಾಟಬಾರದು. ಆರೋಪ ಹೊತ್ತವನು ಯಾರೇ ಆಗಲಿ, ವಿಚಾರಣೆ ಮುಗಿಯುವ ತನಕ ನಮ್ಮ ವೇದಿಕೆ ಹತ್ತಬಾರದು.

ಆ ಹುಡುಗಿ ಇನ್ನೂ ಊರಿಗೆ ಹೋಗಿಲ್ಲ. ದೂರು ಬರೆದಿದ್ದಾಳೆ. ಕೆಳಗೆ ಅವಳದೇ ಸಹಿ.

ತಂಗಿ, ಅವತ್ತು ಸುಮ್ಮನಿದ್ದುದು ನಮ್ಮ ತಪ್ಪು. ಇನ್ನು ಸುಮ್ಮನಿರುವುದಿಲ್ಲ.

ಜೈ ಭೀಮ್.